ಹವಾ ಬದಲಿಗೆ ಹೋದ ಗಂಟು

ನಮ್ಮಪ್ಪ ಭಾಲ್ಕಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ. ಅವನ ಕೈಯಿಂದ ರೊಕ್ಕ ಬಿಡಿಸುವುದೆಂದರೆ ಕೂಸಿನ ಮುಷ್ಟಿಯಿಂದ ಬೆಲ್ಲ ಬಿಡಿಸಿದ ಹಾಗೆ. ಅಂಥವನಿಗೆ ನಮ್ಮ ಓಣಿಯ ಹಕೀಮರು ಒಂದು ದಿನ, "ಸಾವ್ಕಾರ್ರ, ದವಾ ಸಾಕ್ರಿ. ನಿಮ್ಮ ಮನಿಯವರಿಗಿ ಗುಡ್ಡದ ಊರಿಗಿ ಕರ್ಕೊಂಡ ಹೋಗ್ರಿ. ಹವಾ ಬದಲಿ ಆದ್ರ ನಿದ್ದಿ ಬರ್ತದ" ಎಂದುಬಿಟ್ಟರು.

ಅವ್ವನಿಗೆ ನಿದ್ದೆ ಹೋಗಿ ವರ್ಷವಾಗುತ್ತ ಬಂದಿತ್ತು. ನಿಜಾಮನ ರಜಾಕಾರರ ಹಾವಳಿಯಲ್ಲಿ ಅವಳು ನನ್ನ ಕೈ ಹಿಡಿದು ಸೊಲ್ಲಾಪುರದ ಕಡೆಯ ನಿರಾಶ್ರಿತರ ಕ್ಯಾಂಪಿಗೆ ಓಡಿದ್ದಳು. ಅಪ್ಪ ಮಾತ್ರ ಅಂಗಡಿ ಬಿಟ್ಟು ಕದಲಲಿಲ್ಲ. ಪೊಲೀಸ್ ಆ್ಯಕ್ಷನ್ ಆಯಿತು, ಭಾರತದ ಪೌಜು ಬಂದು ನಿಜಾಮನ ರಾಜ್ಯ ಮುಗಿಯಿತು, ನಾವು ಮನೆಗೆ ಮರಳಿದೆವು. ಆದರೆ ಕ್ಯಾಂಪಿನಿಂದ ತಂದ ಗಂಟನ್ನು ಅವ್ವ ಖಾಲಿ ಮಾಡಲೇ ಇಲ್ಲ. ಎರಡು ಸೀರೆ, ನನ್ನದೊಂದು ಲಂಗ, ಜೋಳದ ಹಿಟ್ಟು, ಬೆಲ್ಲ, ಕಡ್ಡಿಪೆಟ್ಟಿಗೆ. ಹಿಟ್ಟು ಹಳತಾದರೆ ಹೊಸದು ತುಂಬಿ ಮತ್ತೆ ಬಿಗಿಯಾಗಿ ಕಟ್ಟುತ್ತಿದ್ದಳು. ದಿಂಬಿನ ಪಕ್ಕದಲ್ಲಿ ಗಂಟು, ಗಂಟಿನ ಮೇಲೆ ಅವಳ ಕೈ. ಎಲ್ಲಾದರೂ ನಾಯಿ ಬೊಗಳಿದರೆ ಎದ್ದು ಕೂತು "ಏನಾತು?" ಎನ್ನುವಳು.

ಗುಡ್ಡದ ಊರು ಎಂದರೆ ಯಾವುದೆಂದು ಅಪ್ಪ ಕೇಳಿದ. ಹಕೀಮರು ಮಹಾಬಳೇಶ್ವರ ಎಂದರು. ಅಪ್ಪ ಅಲ್ಲೇ ಬೆರಳು ಮಡಚಿ ಖರ್ಚಿನ ಲೆಕ್ಕ ಹಾಕಿದ.

"ಬೀದರ ಏನ್ ತಗ್ಗಿನಾಗ ಅದ ಏನ್ರಿ?" ಎಂದ ಆಮೇಲೆ. "ಗುಲ್ಬರ್ಗಾದ ಶಕಿ ತಾಳಲಾರ್ದ ಸುಲ್ತಾನರೇ ಬೀದರಿಗಿ ಬಂದು ಕುಂತ್ರು. ಅವರಿಗಿ ಆಗೋ ಹವಾ ನಮ್ಮ ಮನಿಯಾಕಿಗಿ ಆಗಂಗಿಲ್ಲೇನು?"

ಮನೆಗೆ ಬಂದು ಅವ್ವನಿಗೆ ಹೇಳಿದಾಗ ಅವಳ ಮುಖದಲ್ಲಿ ನಾನು ಎಂದೂ ಕಾಣದ ಆಸೆ ಕಂಡಿತು. "ಸುಮ್ ಸುಮ್ನ ಹೋಗೋದೇನ್ರಿ? ಯಾರೂ ಅಟ್ಟಿಸ್ಕೊಂಡ ಬರ್ಲಾರ್ದ?" ಎಂದು ಎರಡು ಸಲ ಕೇಳಿದಳು. ಪಾಪ, ಹುಟ್ಟಿದೂರು ಬಿಟ್ಟರೆ ಗಂಡನ ಮನೆ, ಗಂಡನ ಮನೆ ಬಿಟ್ಟರೆ ಕ್ಯಾಂಪು, ಇಷ್ಟೇ ಅವಳು ಕಂಡ ಲೋಕ.

ರೈಲಿಗೆ ಟಿಕೀಟು ಬೇಕು. ಹಾಗಾಗಿ ಬೀದರಿನಿಂದ ಉಪ್ಪು ತಂದು ಖಾಲಿ ಮರಳುವ ಎತ್ತಿನಗಾಡಿಯೊಂದನ್ನು ಅಪ್ಪ ಹುಡುಕಿದ. ಓಣಿಯಲ್ಲಿ ತಿಳಿದರೆ ಗಾಡಿ ತುಂಬ ಜನ ಹತ್ತುತ್ತಾರೆಂದು ಯಾರಿಗೂ ಹೇಳಲಿಲ್ಲ. ಅಂಗಡಿಗೆ ಬೀಗ ಜಡಿದು, ಹಾಸಿಗೆ ಸುತ್ತಿ ಗಾಡಿಗೆ ಹೇರಿ, ಕೋಳಿ ಕೂಗುವ ಮುಂಚೆ ಸದ್ದಿಲ್ಲದೆ ಹೊರಟೆವು. ಹಾವಳಿಯ ವರ್ಷ ಜನ ಊರು ಬಿಟ್ಟು ಓಡಿದ್ದೂ ಥೇಟ್ ಹೀಗೆಯೇ ಎಂಬುದು ನಮ್ಮ ಬುದ್ಧಿವಂತನಿಗೆ ಹೊಳೆಯಲಿಲ್ಲ.

ಮೊದಲ ಹಳ್ಳಿಯಲ್ಲೇ ಬಾವಿ ಹತ್ತಿರದ ಹೆಂಗಸರು ಕೊಡ ಕೆಳಗಿಟ್ಟರು. "ಏನಾತ್ರಿ? ಮತ್ತ ಸುರು ಆತೇನ್ರಿ?"

"ಏನೂ ಆಗಿಲ್ಲವ್ವ. ಹವಾ ಬದಲಿಗಿ ಹೊಂಟೀವಿ" ಎಂದ ಅಪ್ಪ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ವರ್ಷ ಓಡುವವರೆಲ್ಲ ಹೀಗೇ ಮದುವೆಗೆ ಹೊರಟೆವು, ಜಾತ್ರೆಗೆ ಹೊರಟೆವು ಎನ್ನುತ್ತಿದ್ದರು. ಒಬ್ಬಾಕೆ ಒಳಗೆ ಹೋಗಿ ರೊಟ್ಟಿ ತಂದಳು, ಇನ್ನೊಬ್ಬಾಕೆ ಮಜ್ಜಿಗೆ ಕೊಟ್ಟಳು. ಮುಂದಿನ ಹಳ್ಳಿಯಲ್ಲಿ ಪುಂಡಿಪಲ್ಯ, ಅದರ ಮುಂದಿನದರಲ್ಲಿ ಬಿಸಿ ಊಟ ಮತ್ತು ರಾತ್ರಿ ತಂಗಲು ಜಾಗ. ಅಪ್ಪನಿಗೆ ಪ್ರವಾಸದ ರುಚಿ ಹತ್ತಿತು. ಅವ್ವನಿಗೆ ಮಾತ್ರ ಸಿಟ್ಟು ಏರುತ್ತ ಹೋಯಿತು. "ನಾವೇನ್ ಓಡ್ಲತ್ತಿಲ್ರಿ" ಎಂದು ಊರೂರಿಗೆ ಹೇಳುತ್ತಿದ್ದಳು, ಗಂಟನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡು. ನೋಡಿದವರು ನಂಬುವುದಾದರೂ ಹೇಗೆ?

ಬೀದರಿನಲ್ಲಿ ದಿಬ್ಬದ ಅಂಚಿಗೆ ಹೊಂದಿಕೊಂಡು ಗೋರಿಯಿಲ್ಲದ ಹಳೆಯ ಗುಂಬಜೊಂದಿತ್ತು. ಗೋಡೆ ದಪ್ಪ, ಒಳಗೆ ತಣ್ಣಗೆ, ಬಾಡಿಗೆ ಕೇಳುವವರಿಲ್ಲ; ಅಪ್ಪ ಅಲ್ಲೇ ಬಿಡಾರ ಹೂಡಿದ. ಅದರ ಮುಂದೆ ಬೇವಿನ ಮರ, ಕೂಗಳತೆಯಲ್ಲಿ ಒರತೆ ನೀರು. ಸಂಜೆ ಕೋಟೆ ಗೋಡೆಗುಂಟ ನಡೆಯುವುದು, ಮುಂಜಾನೆ ಅಂಚಿಗೆ ನಿಂತು ಕೆಳಗಿನ ಕರಿಭೂಮಿ ನೋಡುವುದು. ಗಾಳಿ ಎಷ್ಟು ಚೆನ್ನಾಗಿ ಬೀಸುತ್ತಿತ್ತೆಂದರೆ ನನಗೆ ಸುಮ್ಮಸುಮ್ಮನೆ ನಗು ಬರುತ್ತಿತ್ತು. "ಎದಿತುಂಬ ಎಳ್ಕೋರಿ, ಇಲ್ಲಿ ಯಾರೂ ರೊಕ್ಕ ಕೇಳಂಗಿಲ್ಲ" ಎಂದು ಅಪ್ಪ ಪ್ರತಿ ಉಸಿರಿಗೂ ನೆನಪಿಸುತ್ತಿದ್ದ. ಕೆಳಗೆ ದೂರದ ಮಬ್ಬಿನತ್ತ ಬೆರಳು ಮಾಡಿ ಅದೇ ನಮ್ಮ ಅಂಗಡಿ ಎನ್ನುತ್ತಿದ್ದ. ಅವ್ವನೂ ನೋಡಿದಳು, ನಕ್ಕಳು. ಆದರೆ ಎರಡನೆಯ ರಾತ್ರಿಯೂ ಗಂಟಿನ ಮೇಲೆ ಕೈಯಿಟ್ಟು ಕಣ್ಣು ಬಿಟ್ಟುಕೊಂಡೇ ಇದ್ದಳು. ಹಕೀಮರ ಗಾಳಿ ಅವಳಿಗೆ ಹತ್ತಲಿಲ್ಲವೆಂದು ನನಗೆ ಅಳು ಬಂತು.

ಮರುದಿನ ಬಿಸಿಲೇರಿದಾಗ ದಿಬ್ಬ ಹತ್ತಿ ಗಾಡಿಯೊಂದು ಬಂತು. ಒಳಗೆ ಮದ್ದಿನ ಬರಣಿಗಳು, ಒಂದು ಪಂಜರದ ತುಂಬ ಕೋಳಿ, ಅವುಗಳ ನಡುವೆ ನಮ್ಮ ಹಕೀಮರು ಮತ್ತು ಅವರ ಹೆಂಡತಿ ಬೂಬು.

"ಏನಾತ್ರಿ ಸಾವ್ಕಾರ್ರ?" ಎಂದರು ಹಕೀಮರು. ಅವರ ತುಟಿ ಒಣಗಿತ್ತು.

"ಏನಾಗೋದ್ರಿ? ಹವಾ ಬದಲಿ. ನೀವೇ ಹೇಳಿದ್ರಲ್ಲ."

ಹಕೀಮರು ಅಲ್ಲೇ ನೆಲಕ್ಕೆ ಕೂತರು. "ಹೇಳಿದ್ನೆಪಾ. ಖರೆ, ನೀವು ಅಂಗಡಿಗಿ ಕೀಲಿ ಹಾಕೀರಿ. ರಜಾಕಾರ್ರು ಬಂದಾಗ ಹಾಕ್ಲಿಲ್ಲ, ಪೌಜು ಬಂದಾಗ ಹಾಕ್ಲಿಲ್ಲ. ಈಗ ಹಾಕ್ಯಾರಂದ್ರ ಭಾಳ ದೊಡ್ಡದೇ ಏನೋ ಬರ್ಲತ್ತದಂತ ತಿಳಿದು ಹಾದ್ಯಾಗ ಕೇಳ್ಕೋತ ಬೆನ್ನ ಹತ್ತಿ ಬಂದೇವಿ."

ಪೊಲೀಸ್ ಆ್ಯಕ್ಷನ್ ಆದ ವಾರ ಮುಸಲ್ಮಾನರ ಮೇಲೆ ಸೇಡಿಗೆ ಜನ ಎದ್ದಾಗ ಹಕೀಮರ ಮನೆಯವರು ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಟ್ಟೆ ಮೂಟೆಗಳ ಮರೆಯಲ್ಲಿ ಅಡಗಿ ಕೂತಿದ್ದರು. ಅವರ ಪಾಲಿಗೆ ಅದು ಅಂಗಡಿಯಲ್ಲ, ಕೋಟೆ. ಕೋಟೆಗೇ ಬೀಗ ಬಿದ್ದರೆ ಅವರಾದರೂ ಏನು ಮಾಡಬೇಕು? ಮೊದಲು ಹಕೀಮರು, ಆಮೇಲೆ ಅಪ್ಪ, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

ಬೂಬು ನಗಲಿಲ್ಲ. ಗಾಡಿಯಿಂದ ಇಳಿಯಲೂ ಇಲ್ಲ. ಪಂಜರ ತಬ್ಬಿಕೊಂಡು ನಡುಗುತ್ತಿದ್ದರು. ಅವಸರದಲ್ಲಿ ಹಿಟ್ಟು, ಹಾಸಿಗೆ, ಉಟ್ಟದ್ದು ಬಿಟ್ಟರೆ ಇನ್ನೊಂದು ಸೀರೆ, ಏನೂ ತಂದಿರಲಿಲ್ಲ. ಹಿಂದಿನ ದಿನದಿಂದ ಉಂಡಿರಲಿಲ್ಲ.

ಅವ್ವ ಅವರನ್ನೇ ನೋಡುತ್ತ ನಿಂತಿದ್ದಳು. ಆ ನಡುಕ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹತ್ತಿರ ಹೋಗಿ ಪಂಜರ ಬಿಡಿಸಿ ನನ್ನ ಕೈಗೆ ಕೊಟ್ಟಳು.

"ಇಳೀರಿ ಬೂಬು. ಯಾರೂ ಬೆನ್ನ ಹತ್ತಿಲ್ಲ. ನಾ ಹೇಳ್ತೇನಿ, ಯಾರೂ ಇಲ್ಲ."

ಆಮೇಲೆ ಗುಂಬಜಿನ ಒಳಗೆ ಹೋಗಿ ಗಂಟು ತಂದು ಬೇವಿನ ಕೆಳಗೆ ಕೂತು ಬಿಚ್ಚಿದಳು. ಅಷ್ಟು ದಿನದ ಬಿಗಿ, ಹಲ್ಲು ಹಚ್ಚಬೇಕಾಯಿತು. ಸೀರೆ ಒಂದು ಬೂಬುಗೆ ಹಾಸಿದಳು, ಇನ್ನೊಂದು ಉಡಲು ಕೊಟ್ಟಳು. ಹಿಟ್ಟು ಕಲಸಿದಳು, ಕಡ್ಡಿ ಗೀರಿದಳು, ಬೆಲ್ಲವನ್ನು ಎಲ್ಲರಿಗೂ ಹಂಚಿದಳು. ಉಂಡು ಮುಗಿಯುವ ಹೊತ್ತಿಗೆ ಗಂಟು ಎಂಬುದು ಒಂದು ಖಾಲಿ ಬಟ್ಟೆಯಾಗಿತ್ತು. ಅದನ್ನು ಕೊಡವಿ ಟೊಂಗೆಗೆ ಒಣಹಾಕಿ, ಬೂಬುವಿನ ಪಕ್ಕ ಅಡ್ಡಾದಳು.

ಮಾತಾಡುತ್ತ ಮಾತಾಡುತ್ತ ದನಿ ನಿಂತಿತು. ನೋಡಿದರೆ ಅವ್ವ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಹಕೀಮರು ದೂರದಿಂದಲೇ ನೋಡಿ ತಮ್ಮದೇ ಮದ್ದು ಎಂಬಂತೆ ಗಡ್ಡ ನೀವಿಕೊಂಡರು. ಅಪ್ಪ ರುಮಾಲು ಬಿಚ್ಚಿ, ಸದ್ದು ಮಾಡದೆ ನೊಣ ಓಡಿಸುತ್ತ ಕೂತ. ಯಾವ ಕೂಲಿಯೂ ಇಲ್ಲದ ಕೆಲಸವನ್ನು ಅವನು ಅಷ್ಟು ಹೊತ್ತು ಮಾಡಿದ್ದನ್ನು ನಾನು ಮತ್ತೆ ಕಾಣಲಿಲ್ಲ.

ಹೊತ್ತು ಇಳಿಯುವಾಗ ಪಂಜರದ ಹುಂಜ ಕೂಗಿತು. ಅವ್ವ ಬೆಚ್ಚಿ ತಲೆ ಎತ್ತಿದಳು. ಕೈ ಪಕ್ಕದಲ್ಲಿ ಗಂಟಿಗಾಗಿ ತಡಕಾಡಿತು.

"ಏನಾತು?"

"ಏನೂ ಆಗಿಲ್ಲ, ಮಲ್ಕೋ" ಎಂದ ಅಪ್ಪ.

ಅವ್ವ ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಮಗ್ಗಲು ಬದಲಿಸಿ ಮತ್ತೆ ಮಲಗಿದಳು.