ಒಂದು ತುದಿಗೆ ಸುಣ್ಣ, ಇನ್ನೊಂದಕ್ಕೆ ಗ್ರೀಸ್

ಡ್ರಿಲ್ಲಿನ ಪೆಟ್ಟಿಗೆಯನ್ನು ಸಿಟ್ಟಿನಿಂದ ಬೋರಲು ಹಾಕಿ ಕೊಡವಿದಾಗ ಆ ಕಡ್ಡಿ ಕೆಳಗೆ ಬಿತ್ತು. ಕಾಫಿ ಗಿಡದ ಒಣಗಿದ ಕಡ್ಡಿ. ನನ್ನ ಅಂಗೈ ಅಗಲಕ್ಕಿಂತ ಒಂದು ಬೆರಳಿನಷ್ಟು ಉದ್ದ ಹೆಚ್ಚು. ಒಂದು ತುದಿಗೆ ಸುಣ್ಣ ಮೆತ್ತಿತ್ತು, ಇನ್ನೊಂದು ತುದಿ ಗ್ರೀಸಿನಿಂದ ಕಪ್ಪಗಾಗಿತ್ತು. ಮೂಸಿ ನೋಡಿದೆ. ಇಷ್ಟು ವರ್ಷ ಕಳೆದರೂ ವಾಸನೆ ಪೂರ್ತಿ ಹೋಗಿರಲಿಲ್ಲ… ಅಯ್ಯೋ, ಇದು ಇಲ್ಲಿರುವುದೇ ಮರೆತುಹೋಗಿತ್ತಲ್ಲ ಅಂದುಕೊಂಡೆ. ಸುಳ್ಳು. ಮರೆತಿರಲಿಲ್ಲ, ಕಣ್ಣಿಗೆ ಬೀಳದಿರಲಿ ಎಂದು ನಾನೇ ಅಡಿಗೆ ತಳ್ಳಿದ್ದೆ.

ಸಿಟ್ಟಿಗೆ ಕಾರಣ ನಮ್ಮ ಪಲ್ಪರ್. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರದ ಹಿಂಬದಿಯ ತಗಡಿನ ಸ್ಕ್ರೂ ಒಂದು ಬೆಳಿಗ್ಗೆ ಮುರಿದು ಒಳಗೇ ಕೂತಿತ್ತು. ಅದನ್ನು ಕೊರೆದು ತೆಗೆಯದೆ ಯಂತ್ರ ತಿರುಗುವಂತಿರಲಿಲ್ಲ. ಹಣ್ಣನ್ನು ಕೊಯ್ದ ದಿನವೇ ಸುಲಿಯಬೇಕು. ಚೀಲದಲ್ಲಿ ಬಿಟ್ಟರೆ ಬಿಸಿಯೇರಿ ಹುಳಿಯಾಗುತ್ತದೆ, ಆಮೇಲೆ ಆ ಕಾಫಿಯನ್ನು ಮೂಸುವವರೂ ಇಲ್ಲ. ಅಂದು ನಮ್ಮ ಇಡೀ ಜಾವಳಿ ಸೀಮೆಯಲ್ಲೇ ಕೊಯ್ಲು. ಪಕ್ಕದ ತೋಟದವರ ಯಂತ್ರದ ಮುಂದೆಯೂ ಅವರದೇ ರಾಶಿ.

ಕೊರೆಯುವುದಕ್ಕೆ ಡ್ರಿಲ್ ಇದೆ, ಜಾಗವಿಲ್ಲ. ಪಲ್ಪರನ್ನು ಗೋಡೆಗೆ ಒತ್ತಿ, ಸಿಮೆಂಟ್ ಕಟ್ಟೆಗೆ ಬೋಲ್ಟ್ ಹಾಕಿ ಕೂರಿಸಿದ್ದು ನನ್ನದೇ ಬುದ್ಧಿವಂತಿಕೆ. "ಹಿಂದೆ ಒಬ್ಬ ಮನುಷ್ಯ ನಿಲ್ಲುವಷ್ಟಾದರೂ ಜಾಗ ಬಿಡಿ ಅಮ್ಮ" ಎಂದು ನಮ್ಮ ತೋಟದ ಮೇಸ್ತ್ರಿ ಬಾಯಿ ಬಡಿದುಕೊಂಡಿದ್ದ. ಕೇಳಲಿಲ್ಲ. ಆ ಸಂದಿಯಲ್ಲಿ ಡ್ರಿಲ್ಲನ್ನು ನೇರ ಹಿಡಿಯಲಾಗದು. ಅದರ ಮೂತಿಗೆ ಮೊಣಕೈಯಂತೆ ಬಾಗಿದ ಆ್ಯಂಗಲ್ ಹೆಡ್ ಸಿಕ್ಕಿಸಿ, ಬದಿಯಿಂದ ಕೊರೆಯಬೇಕು. ಫೋನಿನಲ್ಲಿ ನೋಡಿ ತರಿಸಿದ್ದ ಎರಡು ಮನೆಯಲ್ಲಿದ್ದವು. ಒಂದು ನೋಡಲಿಕ್ಕೆ ಪುಟ್ಟದು, ಕೊರೆಯುವ ಬಿಟ್ ಸಿಕ್ಕಿಸಿದ ಕೂಡಲೇ ಗೋಡೆಗೆ ತಾಗುತ್ತದೆ. ಇನ್ನೊಂದು ಸಂದಿಯೊಳಗೆ ಹೋಯಿತು, ಕಬ್ಬಿಣಕ್ಕೆ ಒತ್ತಿ ಹಿಡಿದದ್ದೇ ತಡ, ಒಳಗಿನ ಹಲ್ಲುಗಳು ಕರಕರ ಎಂದು ಸವೆದು ನಿಂತೇಹೋಯಿತು. ಐದು ನಕ್ಷತ್ರ ಕೊಟ್ಟು ಹೊಗಳಿದ ಪುಣ್ಯಾತ್ಮರು ಅದರಲ್ಲಿ ಏನನ್ನು ಕೊರೆದಿದ್ದರೋ, ಬೆಣ್ಣೆಯನ್ನೋ!

ಆಗಲೇ ಪೆಟ್ಟಿಗೆ ಕೊಡವಿದ್ದು, ಕಡ್ಡಿ ಬಿದ್ದದ್ದು. ಅದರ ಹಿಂದೆಯೇ ಫಿಟ್ಟರಣ್ಣನ ಮುಖ…

ಕುದುರೆಮುಖದ ಗಣಿಯಲ್ಲಿ ಫಿಟ್ಟರ್ ಆಗಿದ್ದವರು. ಗಣಿ ನಿಂತ ಮೇಲೆ ಮೂಡಿಗೆರೆಗೆ ಬಂದು ಟೂಲ್ಸ್ ಅಂಗಡಿ ಇಟ್ಟಿದ್ದರು. ಅವರ ಹೆಸರು ಹೇಳಿ ಕರೆದವರನ್ನು ನಾನು ಕಾಣೆ, ಎಲ್ಲರಿಗೂ ಫಿಟ್ಟರಣ್ಣನೇ. ವ್ಯಾಪಾರಕ್ಕೆ ಕೂತವರು ಇಷ್ಟು ತಲೆಹರಟೆ ಇರಬಾರದು. ಕೇಳಿದ್ದನ್ನು ಕೊಟ್ಟು ಕಳಿಸಿದ ದಿನವೇ ಇಲ್ಲ. ಇಂಚು ಹೇಳಿದರೆ ಕೈ ಅಡ್ಡ ಆಡಿಸುತ್ತಿದ್ದರು. ಇಕ್ಕಟ್ಟಿನ ಕೆಲಸಕ್ಕೆ ಏನು ಬೇಕಾದರೂ, ಆ ಸಂದಿಗೆ ಸರಿಯಾಗಿ ಕೂರುವ ಕಡ್ಡಿ ಮುರಿದು ತರಬೇಕು. ಅದು ಅವರ ಕಾನೂನು. ತಂದ ಕಡ್ಡಿಯನ್ನು ಮೇಜಿನ ಮೇಲಿಟ್ಟು, ಬಿಟ್ ಸಿಕ್ಕಿಸಿದ ಹೆಡ್ಡನ್ನು ಪಕ್ಕದಲ್ಲಿಟ್ಟು, ಕಡ್ಡಿಗಿಂತ ಗಿಡ್ಡವಿದ್ದರೆ ಮಾತ್ರ ಕೊಡುತ್ತಿದ್ದರು. ದೊಡ್ಡ ಎಸ್ಟೇಟಿನ ಧಣಿಗಳೂ ಜೀಪಿನಿಂದ ಕಡ್ಡಿ ಹಿಡಿದು ಇಳಿಯುವುದನ್ನು ನಾನೇ ನೋಡಿ ನಕ್ಕಿದ್ದೇನೆ.

ಈ ಕಡ್ಡಿ ನನ್ನ ಕೈಗೆ ಬಂದ ವರ್ಷವೂ ಕೊಯ್ಲಿನ ನಡುವೆ ಇದೇ ತಗಡು, ಇದೇ ಸ್ಕ್ರೂ. ಅವಸರದಲ್ಲಿ ಬರಿಗೈಯಲ್ಲಿ ಹೋಗಿದ್ದೆ.

"ಕಡ್ಡಿ ಎಲ್ಲಿ ಅಮ್ಮ?"

"ಅಂದಾಜು ನಾಲ್ಕೂವರೆ ಇಂಚು ಅಣ್ಣ. ಕೊಡಿ ಬೇಗ, ಹಣ್ಣು ಕಾಯ್ತಾ ಇದೆ."

"ಅಂದಾಜಿಗೆಲ್ಲ ನಾನು ಸಾಮಾನು ಕೊಡಲ್ಲ. ಹೋಗಿ ತಗೊಂಡು ಬನ್ನಿ."

ಮತ್ತೆ ಜಾವಳಿಗೆ ಹೋಗಿ ಬರಬೇಕೇ! ಮೈಯೆಲ್ಲ ಉರಿಯಿತು. ಹೊರಗೆ ಬಂದೆ. ಜೀಪಿನ ಹಿಂಬದಿಯಲ್ಲಿ ಸೌದೆಗೆಂದು ಹಾಕಿದ್ದ ಕಾಫಿ ರೆಂಬೆಗಳಿದ್ದವು. ಒಂದನ್ನು ಅಂದಾಜಿಗೆ ಮುರಿದು, ಹತ್ತು ನಿಮಿಷ ಸುಮ್ಮನೆ ಸೀಟಿನಲ್ಲಿ ಕೂತಿದ್ದು, ಒಳಗೆ ಹೋಗಿ ಮೇಜಿನ ಮೇಲಿಟ್ಟೆ. ಅವರು ಅದರ ಎರಡೂ ತುದಿಗಳನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು.

"ಗೋಡೆಗೆ ತಾಗಿದ ತುದಿಗೆ ಸುಣ್ಣ ಇರ್ಬೇಕು. ಮಿಷಿನ್‌ಗೆ ತಾಗಿದ್ದಕ್ಕೆ ಗ್ರೀಸು. ಇದಕ್ಕೆ ಎರಡೂ ಇಲ್ವಲ್ಲ ಅಮ್ಮ… ಇದು ಯಾವ ಊರಿನ ಪಲ್ಪರು?"

ಅಂಗಡಿಯಲ್ಲಿದ್ದ ನಾಲ್ಕೈದು ಮಂದಿ ಘೊಳ್ಳೆಂದು ನಕ್ಕರು. ಫಿಟ್ಟರಣ್ಣ ಛೇಡಿಸಿದ್ದಷ್ಟೇ, ಹಂಗಿಸಿರಲಿಲ್ಲ. ಈಗ ತಿಳಿಯುತ್ತದೆ. ಆಗ ನನ್ನ ನಾಲಿಗೆಗೆ ಲಂಗುಲಗಾಮಿರಲಿಲ್ಲ.

"ನಿಮ್ಮಂಥವರು ಹೀಗೆ ಕೆಲಸ ನಿಲ್ಲಿಸ್ಕೊಂಡು ಕೂತಿದ್ದಕ್ಕೇ ಇರ್ಬೇಕು, ಆ ಗಣಿ ಮುಚ್ಚಿದ್ದು" ಎಂದುಬಿಟ್ಟೆ.

ನಗು ನಿಂತಿತು. ಅವರು ಕಡ್ಡಿಯನ್ನು ನನ್ನ ಕಡೆಗೆ ಮೆಲ್ಲಗೆ ಸರಿಸಿ, ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸತೊಡಗಿದರು. ಒರೆಸುತ್ತಲೇ ಇದ್ದರು. ನಾನು ಬಾಗಿಲು ದಾಟಿದೆ. ಅಂದಿನ ಹಣ್ಣು ಹುಳಿಯಾಗಿಯೇ ಹೋಯಿತು.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಫಿಟ್ಟರಣ್ಣ ಜಾವಳಿಗೆ ಬಂದಿಳಿದರು. ತಮ್ಮದೇ ಹಳೆಯ ಆ್ಯಂಗಲ್ ಹೆಡ್ ಚೀಲದಲ್ಲಿ ತಂದಿದ್ದರಂತೆ. ಮೇಸ್ತ್ರಿಯನ್ನು ಕರೆದುಕೊಂಡು ನೇರ ಪಲ್ಪರ್ ಮನೆಗೆ ಹೋದರು. ನಾನು ಕಣದಲ್ಲಿ ಕಾಫಿ ಹರವಿಸುತ್ತಿದ್ದೆ. ಅವರು ಬಂದದ್ದು ಕಂಡಿತ್ತು. ಹೋಗಿ ಮಾತಾಡಿಸಬೇಕಿತ್ತು, ಒಂದು ಲೋಟ ಕಾಫಿ ಕೊಡಬೇಕಿತ್ತು. ಏನಂತ ಮುಖ ತೋರಿಸಲಿ… ಬೆನ್ನು ತಿರುಗಿಸಿ ನಿಂತೆ. ಅರ್ಧ ಗಂಟೆಯಲ್ಲಿ ಯಂತ್ರದ ಸದ್ದು ಕೇಳಿಸಿತು. ನಾನು ಹೋಗಿ ನೋಡುವಷ್ಟರಲ್ಲಿ ಅವರು ಗೇಟು ದಾಟಿದ್ದರು.

ಫಿಟ್ಟರಣ್ಣನೇ ಸಂದಿಗೆ ಹಿಡಿದು ಮುರಿದ ಈ ಕಡ್ಡಿಯನ್ನು ಮೇಸ್ತ್ರಿ ನನ್ನ ಕೈಗಿಟ್ಟ. "ಈ ಸ್ಕ್ರೂ ಇನ್ನೂ ಮುರೀತದಂತೆ. ಈ ಕಡ್ಡಿ ತಗೊಂಡು ಅಂಗಡಿಗೆ ಬರಕ್ಕೆ ಹೇಳಿದ್ರು, ಸರಿಯಾದ ಹೆಡ್ಡು ಆರಿಸಿ ಕೊಡ್ತಾರಂತೆ. ಅಮ್ಮನೇ ಬರ್ಲಿ ಅಂದ್ರು."

ಅಮ್ಮ ಹೋಗಲಿಲ್ಲ. ನಾಳೆ, ಸಂತೆಯ ದಿನ, ಕೊಯ್ಲು ಮುಗಿದ ಮೇಲೆ… ಹೀಗೇ ಒಂದಲ್ಲ ಒಂದು ನೆವ. ಮೊಳೆ ಬೇಕಾದರೂ ಚಿಕ್ಕಮಗಳೂರಿನಿಂದ ತರಿಸತೊಡಗಿದೆ, ಆ ಬೀದಿಯಲ್ಲಿ ಜೀಪು ನಿಲ್ಲಿಸಬಾರದೆಂದು. ಸ್ಕ್ರೂ ಮುರಿದಾಗಲೆಲ್ಲ ಹೊರಗಿನ ಮೆಕ್ಯಾನಿಕ್ ಬಂದು ತೆಗೆದುಕೊಟ್ಟ. ಕೊನೆಗೊಂದು ದಿನ ಫಿಟ್ಟರಣ್ಣ ತೀರಿಕೊಂಡರು ಎಂಬ ಸುದ್ದಿ ಬಂತು. ಸುದ್ದಿ ತಂದವನೂ ಮೇಸ್ತ್ರಿಯೇ. ನನ್ನ ಮುಖ ನೋಡದೆ ಹೇಳಿ ಹೋದ.

ಈ ಸಲ ಆ ಮೆಕ್ಯಾನಿಕ್ಕೂ ಫೋನಿಗೆ ಸಿಗಲಿಲ್ಲ. ಕಡ್ಡಿಯನ್ನು ಗೋಡೆಗೂ ಪಲ್ಪರಿಗೂ ನಡುವೆ ಹಿಡಿದು ನೋಡಿದೆ. ಬಿಗಿಯಾಗಿ ಕೂತಿತು. ಜೇಬಿಗೆ ಹಾಕಿಕೊಂಡು ಜೀಪು ಹತ್ತಿದೆ.

ಅವರ ಅಂಗಡಿಯಿದ್ದಲ್ಲಿ ಈಗಲೂ ಟೂಲ್ಸ್ ಅಂಗಡಿಯೇ ಇದೆ, ಮಾಲೀಕ ಬೇರೆ. ಗಾಜಿನ ಬಾಗಿಲು, ಒಳಗೆ ಥಳಥಳ ಬೆಳಕು. ಕಡ್ಡಿಯನ್ನು ಮೇಜಿನ ಮೇಲಿಟ್ಟೆ. ಆತ ಅದನ್ನು ಕಸವೆಂದು ತಿಳಿದು ಕೈಯಿಂದ ಸರಿಸಲು ಹೋದ.

"ಮುಟ್ಟಬೇಡಿ" ಎಂದೆ, ಸ್ವಲ್ಪ ಜೋರಾಗಿಯೇ.

"ಸಾರಿ ಮೇಡಂ. ಯಾವ ಮಾಡೆಲ್ ಬೇಕಿತ್ತು? ಯಾವುದಾದ್ರೂ ತಗೊಂಡೋಗಿ, ಆಗ್ಲಿಲ್ಲ ಅಂದ್ರೆ ಚೇಂಜ್ ಮಾಡ್ಕೊಡ್ತೀನಿ."

ಎಷ್ಟು ಒಳ್ಳೆಯ ಮಾತು! ನನಗೆ ಅಳು ಬಂತು. ನನಗೆ ಬೇಕಿದ್ದದ್ದು ಬೈಯುವವರು. ಇದ್ದ ಹೆಡ್ಡುಗಳನ್ನೆಲ್ಲ ತೆಗೆಸಿ, ಒಂದೊಂದಕ್ಕೂ ಬಿಟ್ ಸಿಕ್ಕಿಸಿ ಕಡ್ಡಿಯ ಪಕ್ಕ ಇಟ್ಟು ನೋಡಿದೆ. ಮೂರು ಉದ್ದವಾದವು. ನಾಲ್ಕನೆಯದು ಕಡ್ಡಿಗಿಂತ ಅಕ್ಕಿ ಕಾಳಿನಷ್ಟು ಗಿಡ್ಡ. ಹಲ್ಲುಗಳು ಉಕ್ಕಿನವೇ ಎಂದು ಎರಡು ಸಲ ಕೇಳಿ ಅದನ್ನು ತಂದೆ.

ಮೂರು ಗಂಟೆಗೆ ಸ್ಕ್ರೂ ಹೊರಬಂತು. ಪಲ್ಪರ್ ತಿರುಗಿತು, ಹಣ್ಣು ಉಳಿಯಿತು. ಮೇಸ್ತ್ರಿ ಹೊಸ ಹೆಡ್ಡನ್ನು ಕೈಯಲ್ಲಿ ಹಿಡಿದು, "ಎಲ್ಲಿ ಸಿಕ್ತು ಅಮ್ಮ?" ಎಂದು ಕೇಳಿದ.

"ಫಿಟ್ಟರಣ್ಣನ ಅಂಗಡೀಲಿ" ಎಂದೆ. "ಕಡ್ಡಿ ತಗೊಂಡು ಹೋಗಿದ್ದೆ."

ಅವನು ಒಂದು ಗಳಿಗೆ ನನ್ನನ್ನೇ ನೋಡಿದ. "ಹೋಗ್ಬೇಕಿತ್ತು ಅಮ್ಮ, ಆವಾಗ್ಲೇ" ಎಂದು, ಹಣ್ಣಿನ ಚೀಲ ಎತ್ತಲು ಹೋದ.