ಬೆಳಿಗ್ಗೆ ಮಾತ್ರ ಸೊರಗುವ ಉರಿ

ಆ ಒಲೆಯ ಕಾಯಿಲೆಯನ್ನು ಏನೆಂದು ಹೇಳಲಿ! ಮಧ್ಯಾಹ್ನ ಸಾರಿಗಿಟ್ಟರೆ ಗಳಗಳ ಕುದಿಯುತ್ತಿತ್ತು, ಸಂಜೆ ಚಪಾತಿ ಉಬ್ಬಿ ಬರುತ್ತಿತ್ತು. ಬೆಳಿಗ್ಗೆ ದೋಸೆಗೆ ಕಾವಲಿ ಇಟ್ಟರೆ ಮಾತ್ರ ಉರಿ ಪಿಳಿಪಿಳಿ ಎನ್ನುತ್ತಿತ್ತು. ಹಿಟ್ಟು ಕಾವಲಿಗೆ ಅಂಟಿಕೊಂಡು ಏಳುತ್ತಲೇ ಇರಲಿಲ್ಲ. ನನಗೋ ಮೊದಲೇ ಮೂಗಿನ ತುದಿಯಲ್ಲಿ ಕೋಪ.

ಒಲೆ ಇದ್ದದ್ದು ನಮ್ಮ ಡ್ರೈವ್‌ವೇಯಲ್ಲಿ ನಿಂತಿದ್ದ ಹಳೆಯ ಮೋಟರ್ ಹೋಮಿನಲ್ಲಿ. ಮಂಚ, ಫ್ರಿಜ್ಜು, ಬಚ್ಚಲು ಎಲ್ಲವನ್ನೂ ಒಳಗೇ ಇಟ್ಟುಕೊಂಡ ಆ ಲಟಾರಿ ವಾಹನವನ್ನು ನನ್ನ ಯಜಮಾನರು ಕೆಲಸದಿಂದ ರಿಟೈರಾದ ಖುಷಿಯಲ್ಲಿ ಬರ್ಲಿಂಗ್ಟನ್ನಿನ ಒಬ್ಬ ಮುದುಕನಿಂದ ಕೊಂಡು ತಂದಿದ್ದರು. ಕೆನಡಾ ಪೂರ್ತಿ ಸುತ್ತೋಣ ಎಂದಿದ್ದರು. ಸುತ್ತಿದ್ದು ಗ್ಯಾರೇಜುಗಳನ್ನು. ಆ ಬೇಸಿಗೆಯಲ್ಲಿ ರಿಚ್ಮಂಡ್ ಹಿಲ್ಲಿನ ನಮ್ಮ ಮನೆಯ ಅಡುಗೆಮನೆಯನ್ನು ಕಿತ್ತುಹಾಕಿ ರಿನೊವೇಶನ್ ಮಾಡಿಸುತ್ತಿದ್ದೆವು. ಹಾಗಾಗಿ ನಮ್ಮ ಅಡುಗೆಯೆಲ್ಲ ಮೋಟರ್ ಹೋಮಿನಲ್ಲೇ. ಮನೆಯಲ್ಲಿದ್ದವರು ನಾನು, ಇವರು, ಇವರ ತಾಯಿ.

ಅತ್ತೆಗೆ ಒಲೆ ಮುಟ್ಟುವ ಹಾಗಿರಲಿಲ್ಲ. ಚಳಿಗಾಲದಿಂದಲೂ ಮನೆಯಲ್ಲಿ ಒಲೆ ಸುಮ್ಮನೆ ಉರಿಯುತ್ತಿರುವುದನ್ನು ನಾನು ಆಗಾಗ ಕಾಣುತ್ತಿದ್ದೆ. ಯಾರು ಬಿಟ್ಟಿದ್ದು ಎಂದು ರೇಗಿದರೆ, "ನಾನೇ ಇರ್ಬೇಕು ಕಣಮ್ಮ, ವಯಸ್ಸಾಯ್ತಲ್ಲ" ಎನ್ನುತ್ತಿದ್ದರು ಅತ್ತೆ. ಮರೆವು ಶುರುವಾಗಿದೆ ಎಂದು ನಾವಿಬ್ಬರೂ ಗಟ್ಟಿ ಮಾಡಿಕೊಂಡೆವು. ಒಂದು ಕಾಲಕ್ಕೆ ಮೈಸೂರಿನಲ್ಲಿ ಮದುವೆ ಮನೆಯ ಅಡುಗೆಯನ್ನೇ ನಿಂತು ಮಾಡಿಸಿದ ಹೆಂಗಸು ಈಗ ಹುರುಳಿಕಾಯಿ ಹೆಚ್ಚಿಕೊಟ್ಟು ಕೂತಿರಬೇಕಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಹೋಮನ್ನು ಇವರು ನೋಡಿ ಬಂದಿದ್ದರು. ಇನ್ನೊಂದು ಸಲ ಏನಾದರೂ ಎಡವಟ್ಟಾದರೆ ಅತ್ತೆಯನ್ನು ಅಲ್ಲಿಗೆ ಸೇರಿಸುವುದು ಎಂದು ತೀರ್ಮಾನವಾಗಿತ್ತು. ಅತ್ತೆಗೂ ಅದನ್ನು ಹೇಳಿಯಾಗಿತ್ತು. ಅವರು "ಆಗ್ಲಿ ಬಿಡಪ್ಪ" ಎಂದಿದ್ದರು.

ಇತ್ತ ಒಲೆಗೆ ವೈದ್ಯೋಪಚಾರ ನಡೆದೇ ಇತ್ತು. ಟ್ಯಾಂಕಿನಲ್ಲಿ ಪ್ರೊಪೇನ್ ಗ್ಯಾಸ್ ಇದೆಯೇ ಎಂದು ನೋಡಿದೆವು, ಭರ್ತಿ ಇತ್ತು. ಇವರು ಬರ್ನರಿನ ತೂತುಗಳಿಗೆಲ್ಲ ಪಿನ್ನು ಹಾಕಿ ಕೆದಕಿದರು. ಪೈಪಿನುದ್ದಕ್ಕೂ ಸೋಪಿನ ನೊರೆ ಬಳಿದು ಗುಳ್ಳೆ ಏಳುತ್ತದೆಯೇ ಎಂದು ಕಣ್ಣು ಕಿರಿದು ಮಾಡಿ ಕೂತರು. ಒಂದೂ ಗುಳ್ಳೆ ಏಳಲಿಲ್ಲ. ಕೊನೆಗೆ ಲೈಸೆನ್ಸ್ ಇರುವ ಗ್ಯಾಸ್ ಟೆಕ್ನಿಷಿಯನ್ ಬಂದು, ರೆಗ್ಯುಲೇಟರ್ ಬಹಳ ಹಳೆಯದಾಗಿದೆ ಎಂದು ಹೊಸದು ಹಾಕಿಹೋದ. ಅವನ ಎದುರಿಗೆ ಉರಿ ನೀಲಿಯಾಗಿ, ನೆಟ್ಟಗೆ ಬಂತು. ಮಾರನೆಯ ಬೆಳಿಗ್ಗೆ ಮತ್ತದೇ ಪಿಳಿಪಿಳಿ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂದು ನಾನು ಕಾವಲಿ ಕುಕ್ಕಿದೆ.

ಅದಾದ ಮೇಲೆ ಒಂದು ಬೆಳಿಗ್ಗೆ ಮಹಡಿಯ ಕಿಟಕಿಯಿಂದ ಹೊರಗೆ ನೋಡಿದವಳು ಹಾಗೇ ನಿಂತುಬಿಟ್ಟೆ. ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡ ಅತ್ತೆ ಮೋಟರ್ ಹೋಮಿನಿಂದ ಇಳಿದು ಬಂದರು. ಅತ್ತ ಇತ್ತ ನೋಡಿದರು. ವಾಹನದ ಪಕ್ಕದಲ್ಲಿದ್ದ ಪುಟ್ಟ ಬಾಗಿಲು ತೆಗೆದು, ಒಳಗಿದ್ದ ಟ್ಯಾಂಕಿನ ವಾಲ್ವನ್ನು ಗಿರ್ರನೆ ಕೊನೆತನಕ ತಿರುಗಿಸಿ, ಏನೂ ಆಗದವರಂತೆ ಒಳಗೆ ಬಂದರು. ಅಯ್ಯಯ್ಯೋ, ಬೆಂಕಿಕಡ್ಡಿಯನ್ನೂ ಹಚ್ಚಬೇಡಿ ಎಂದು ಕಾಪಾಡಿಕೊಂಡು ಬಂದ ಅತ್ತೆ ಗ್ಯಾಸ್ ಟ್ಯಾಂಕಿಗೇ ಕೈ ಹಾಕಿದ್ದರು!

ಓಡಿ ಹೋಗಿ ಇವರಿಗೆ ಹೇಳಿದೆ. ಹೇಳಬಾರದಿತ್ತು ಎಂದು ಆಗ ನನಗೆ ಹೊಳೆಯಲಿಲ್ಲ.

"ರಾತ್ರಿ ಮಲಗೋ ಮುಂಚೆ ಆಫ್ ಮಾಡಿ, ಬೆಳಿಗ್ಗೆ ಬಿಡ್ತೀನಿ ಕಣೋ," ಎಂದರು ಅತ್ತೆ ತಣ್ಣಗೆ. "ಮೈಸೂರಲ್ಲಿ ಸಿಲಿಂಡರ್ ಆಫ್ ಮಾಡ್ದೆ ಒಂದಿನ ಮಲಗಿದ್ದೀವಾ?"

ಇವರ ಮುಖ ಕೆಂಪಾಯಿತು. "ಅಮ್ಮ, ಇದು ಮೈಸೂರಿನ ಸಿಲಿಂಡರ್ ಅಲ್ಲ! ಖಾಲಿ ಪೈಪಿಗೆ ಗ್ಯಾಸ್‌ನ ಒಂದೇ ಸಲ ಬಿಟ್ರೆ, ಎಲ್ಲೋ ಪೈಪ್ ಒಡೆದಿದೆ ಅಂದ್ಕೊಂಡು ಒಳಗಿರೋ ಸೇಫ್ಟಿ ವಾಲ್ವ್ ಮುಚ್ಕೊಂಡ್ಬಿಡುತ್ತೆ. ಆಮೇಲೆ ಚೂರೇ ಚೂರು ಫ್ಲೋ ಬರುತ್ತೆ. ಅದಕ್ಕೇ ಬೆಳಿಗ್ಗೆ ಲೋ ಫ್ಲೇಮ್, ಒಲೆ ಆರಿಸಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ತಾನೇ ಸರಿಹೋಗುತ್ತೆ! ಇಷ್ಟು ದಿನದಿಂದ ನಾನು ತಲೆ ಕೆಡಿಸ್ಕೊಂಡಿದ್ದು ಇದಕ್ಕಾ?"

ನನ್ನನ್ನು ಮೋಟರ್ ಹೋಮಿನೊಳಗೆ ಕರೆದು, "ನೋಡು ಬೇಕಾದ್ರೆ" ಎಂದು ಒಂದು ಒಲೆ ಹಚ್ಚಿದರು. ಉರಿ ಸಣ್ಣಗೆ ನಡುಗಿತು. ಆಮೇಲೆ ಹೊರಗೆ ಹೋಗಿ ಟ್ಯಾಂಕಿನ ವಾಲ್ವ್ ಮುಚ್ಚಿದರು. ಉರಿ ಆರಿತು. ಇನ್ನು ಸ್ವಲ್ಪ ಕಾದು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಿಧಾನವಾಗಿ ಬಿಡಬೇಕು, ಅಷ್ಟೇ ಎಂದರು. ನಾನು ಬೇಸ್‌ಮೆಂಟಿನ ಫ್ರಿಜ್ಜಿನಿಂದ ದೋಸೆ ಹಿಟ್ಟು ತರಲು ಹೋದೆ.

ಹಿಟ್ಟಿನ ಪಾತ್ರೆ ಕಂಕುಳಲ್ಲಿ, ಲೈಟರ್ ಕೈಯಲ್ಲಿ ಹಿಡಿದು ವಾಪಸ್ಸು ಬಂದಾಗ ಇವರು ಗ್ಯಾರೇಜಿನ ಹತ್ತಿರ ಫೋನಿನಲ್ಲಿದ್ದರು. ವಯಸ್ಸಾದವರ ಆ ಹೋಮಿಗೇ ಮಾಡಿದ್ದರು. ಅತ್ತೆ ನನ್ನ ಹಿಂದೆಯೇ ಬರುತ್ತಿದ್ದರು. ಮೋಟರ್ ಹೋಮಿನ ಬಾಗಿಲು ತೆಗೆದದ್ದೇ ತಡ, ಗ್ಯಾಸಿನ ನಾತ ಗಪ್ಪನೆ ಮುಖಕ್ಕೆ ಬಡಿಯಿತು. ನನ್ನ ಬೆರಳು ಲೈಟರಿನ ಮೇಲಿತ್ತು. ಒತ್ತಬಾರದು ಎಂದು ಗೊತ್ತಿದ್ದರೂ ಬೆರಳು ತೆಗೆಯಲು ಬರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಅತ್ತೆ ನನ್ನ ಮಣಿಕಟ್ಟು ಹಿಡಿದು ಲೈಟರನ್ನು ಕಿತ್ತು ಹುಲ್ಲಿಗೆ ಎಸೆದರು. "ಇಳಿ ಕೆಳಗೆ!" ಎಂದು ನನ್ನನ್ನು ಜಗ್ಗಿದರು. ಮದುವೆಯಾದಾಗಿನಿಂದ ಅವರು ನನಗೆ ಗದರಿದ್ದು ಅದೇ ಮೊದಲು. ತಾವೇ ಹೋಗಿ ಹೊರಗಿನ ವಾಲ್ವ್ ಮುಚ್ಚಿದರು. ದೋಸೆ ಹಿಟ್ಟು ಡ್ರೈವ್‌ವೇ ತುಂಬ ಚೆಲ್ಲಿತ್ತು.

ಗಾಳಿಯಾಡಿ ನಾತವೆಲ್ಲ ಹೋದ ಮೇಲೆ ಒಳಗೆ ಹತ್ತಿ ನೋಡಿದೆವು. ಇವರು ಹಚ್ಚಿ ತೋರಿಸಿದ ಒಲೆಯ ನಾಬ್ ಹಾಗೇ ತೆರೆದಿತ್ತು. ಟ್ಯಾಂಕ್ ಮುಚ್ಚಿದಾಗ ಉರಿ ಆರಿತ್ತು, ನಾಬನ್ನು ಇವರು ತಿರುಗಿಸಿರಲಿಲ್ಲ. ಆಮೇಲೆ ನಿಧಾನವಾಗಿ, ಶಾಸ್ತ್ರೋಕ್ತವಾಗಿ ಗ್ಯಾಸ್ ಬಿಟ್ಟಿದ್ದರು.

"ಏನ್ರೀ ಇದು! ನಾಬ್ ಮುಚ್ಚೋಕೆ ಏನಾಗಿತ್ತು ನಿಮಗೆ?" ಎಂದು ಕಿರುಚಿದೆ.

"ಯಾವ ನಾಬ್?" ಎಂದರು ಇವರು. "ನಾನು ಒಲೆ ಮುಟ್ಟೇ ಇಲ್ವಲ್ಲ."

ತಮಾಷೆಯಿರಬೇಕು ಎಂದುಕೊಂಡೆ. ಮುಖ ನೋಡಿದೆ. ತಮಾಷೆಯೂ ಇರಲಿಲ್ಲ, ಸುಳ್ಳೂ ಇರಲಿಲ್ಲ. ನನ್ನನ್ನು ಕರೆದದ್ದು, ಹಚ್ಚಿದ್ದು, ನಡುಗುವ ಉರಿಯನ್ನು ಬೆರಳು ಮಾಡಿ ತೋರಿಸಿದ್ದು, ಯಾವುದೂ ಆ ಮುಖದಲ್ಲಿ ಇರಲಿಲ್ಲ. ಗ್ಯಾಸಿನ ನಾತ ಬಡಿದಾಗಲೂ ನನಗೆ ಅಷ್ಟು ಭಯವಾಗಿರಲಿಲ್ಲ.

"ಅಮ್ಮನೇ ತಿರುಗಿಸಿರ್ಬೇಕು," ಎಂದರು ಇವರು.

"ಹೌದು ಕಣಪ್ಪ," ಎಂದುಬಿಟ್ಟರು ಅತ್ತೆ. "ನಾನೇ ಇರ್ಬೇಕು."

ಇವರು ಒಲೆ ಹಚ್ಚಿದ ಮೇಲೆ ಅತ್ತೆ ಒಳಗೆ ಕಾಲೇ ಇಟ್ಟಿರಲಿಲ್ಲ! ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಕೈ ನನ್ನ ತೋಳನ್ನು ಬಿಗಿಯಾಗಿ ಒತ್ತಿತು. ಇವರು ತಲೆಯಾಡಿಸುತ್ತ ಮತ್ತೆ ಫೋನ್ ಹಿಡಿದು ಮನೆಯೊಳಗೆ ಹೋದರು.

"ಯಾಕೆ ಅತ್ತೆ? ಯಾಕೆ ಹಾಗಂದ್ರಿ?"

ಅತ್ತೆ ಮೋಟರ್ ಹೋಮಿನ ಮೆಟ್ಟಿಲ ಮೇಲೆ ಕೂತರು. "ಚಳಿಗಾಲದಿಂದ ನೋಡ್ತಿದೀನಿ. ರಾತ್ರಿ ಹಾಲು ಬಿಸಿ ಮಾಡ್ಕೊಂಡು ಕುಡೀತಾನೆ, ನಾಬ್ ಹಾಗೇ ಬಿಟ್ಟು ಹೋಗ್ತಾನೆ. ಕತ್ತಲಲ್ಲಿ ಈ ಎತ್ತರದ ಮೆಟ್ಟಿಲು ಹತ್ತೋಕೆ ನನ್ ಕೈಲಾಗಲ್ಲ. ಅದಕ್ಕೆ ಹೊರಗೇ ಆಫ್ ಮಾಡ್ತಿದ್ದೆ. ಬೆಳಿಗ್ಗೆ ಒಳಗೆ ಬಂದು ನಾಬೆಲ್ಲ ಮುಚ್ಚಿ, ಆಮೇಲೆ ಗ್ಯಾಸ್ ಬಿಡ್ತಿದ್ದೆ."

"ನಂಗಾದ್ರೂ ಹೇಳ್ಬಾರ್ದಿತ್ತಾ? ನಿಮ್ಮನ್ನೇ ಮನೆ ಬಿಟ್ಟು ಕಳಿಸ್ತಿದ್ರಲ್ಲ!"

"ಏನಂತ ಹೇಳ್ಲಿ ಕಣೇ? ನಿನ್ ಗಂಡಂಗೆ ಮರೆವು ಬಂದಿದೆ ಅಂತಾನಾ? ಮುದುಕಿಗೆ ಬಂದ್ರೆ ಯಾರೂ ಏನೂ ಅಂದ್ಕೊಳಲ್ಲ. ನನ್ನ ಹೋಮಿಗೆ ಕಳಿಸಿದ್ರೂ ಹೋಗ್ತಿದ್ದೆ. ಆದ್ರೆ ನಾನು ಹೋದ್ರೆ ರಾತ್ರಿ ಗ್ಯಾಸ್ ಯಾರು ಆಫ್ ಮಾಡ್ತಾರೆ, ಅದೊಂದೇ ಯೋಚನೆ ಆಗಿತ್ತು."

ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಅತ್ತೆಯ ಮೇಲೆ, ಇವರ ಮೇಲೆ, ಎಲ್ಲದಕ್ಕಿಂತ ಹೆಚ್ಚಾಗಿ, ಒಂದೇ ಹಾಸಿಗೆಯಲ್ಲಿ ಮಲಗಿ ಏನೂ ಕಾಣದ ನನ್ನ ಮೇಲೆ. ಸಿಟ್ಟಿನ ಕೆಳಗೆ ಮೈಯೆಲ್ಲ ತಣ್ಣಗಾಗಿತ್ತು.

ಅಷ್ಟರಲ್ಲಿ ಇವರು ಹೊರಗೆ ಬಂದರು. "ಒಂದು ರೂಮ್ ಖಾಲಿ ಇದೆಯಂತೆ. ನಾಳೆನೇ ಕರ್ಕೊಂಡು ಬನ್ನಿ ಅಂದ್ರು."

ಅತ್ತೆ ನನ್ನ ಕಡೆ ನೋಡಿ ಬೇಡ ಎಂಬಂತೆ ತಲೆಯಾಡಿಸಿದರು. ನಾನು ಕೇಳಲಿಲ್ಲ.

"ಅತ್ತೆ ಎಲ್ಲೂ ಹೋಗಲ್ಲ," ಎಂದೆ. "ರೀ, ಒಲೆ ಹಚ್ಚಿದ್ದು ನೀವು. ನನ್ನ ಕರೆದು ತೋರಿಸಿದ್ರಿ. ಆಮೇಲೆ ಅತ್ತೆ ಒಳಗೆ ಬಂದೇ ಇರಲಿಲ್ಲ."

ಇವರು ನಕ್ಕರು. ನಾನು ನಗಲಿಲ್ಲ. ಇವರ ನಗು ಅರ್ಧಕ್ಕೇ ನಿಂತಿತು. ಹೆಂಡತಿಯ ಮಾತು ನಂಬಲಾಗದೆ ತಾಯಿಯ ಕಡೆಗೆ ತಿರುಗಿದರು.

"ಅಮ್ಮ, ಹೌದೇನಮ್ಮ?"

ಚಳಿಗಾಲದಿಂದ ಕಣ್ಣು ಮಿಟುಕಿಸದೆ ಸುಳ್ಳು ಹೇಳುತ್ತ ಬಂದಿದ್ದ ಅತ್ತೆ ಮೆಟ್ಟಿಲ ಮೇಲೆ ಸ್ವಲ್ಪ ಸರಿದು ಜಾಗ ಮಾಡಿ, "ಬಾ ಮಗು, ಇಲ್ಲಿ ಕೂತ್ಕೋ" ಎಂದರು.