ಹೇಳಿ ಬಡಿಯುವ ಮೇಸ್ತ್ರಿ

ಹಗ್ಗ ಹರಿದು ಕಾರು ಟೆಂಪೋದಿಂದ ಜಾರಿ ಬಿಣಗಾದ ಸುರಂಗದಲ್ಲಿ ಹಿಂದಿನ ಬಸ್ಸಿಗೆ ಬಡಿಯಬಹುದಿತ್ತು. ಟಾರ್ಪಾಲು ಹೊದ್ದು ಚೂಪು ಮೂತಿ ಚಾಚಿಕೊಂಡಿದ್ದ ಅದನ್ನು ಅರ್ಗಾದ ನೌಕಾನೆಲೆಯೆದುರು ಬಂದೂಕಿನವರು ತಡೆದು, ಅದು ಕ್ಷಿಪಣಿಯಲ್ಲವೆಂದು ರುಜುವಾತಾಗುವವರೆಗೆ ನನ್ನನ್ನು ಕೂಡಿಹಾಕಬಹುದಿತ್ತು. ಅಂಕೋಲೆಯಲ್ಲಿ ಇಳಿಸುವಾಗ ಹಲಗೆ ಮುರಿದು ಯಾರದಾದರೂ ಕಾಲು ಜಜ್ಜಬಹುದಿತ್ತು. ಪೆಟ್ರೋಲು ಸೋರಿ ಬೆಂಕಿ ಹೊತ್ತಿಕೊಳ್ಳಬಹುದಿತ್ತು. ಬ್ರೇಕು ಹಿಡಿಯದೆ ಗದ್ದೆಯಂಚಿನ ಬಾವಿಗೆ ಬೀಳಬಹುದಿತ್ತು. ಸ್ಟಿಯರಿಂಗು ಕಿತ್ತು ಕೈಗೆ ಬರಬಹುದಿತ್ತು. ಚಕ್ರವೊಂದು ನಮಗಿಂತ ಮುಂಚೆ ಊರು ತಲುಪಬಹುದಿತ್ತು. ಎಂಜಿನ್ನು ಶುರುವೇ ಆಗದೆ ನನ್ನ ಭಾವ ನಗಬಹುದಿತ್ತು. ಎಲ್ಲಕ್ಕಿಂತ ಹೆಚ್ಚು ಸಂಭವನೀಯ ಇದೇ ಎಂದು ನನಗನಿಸಿತ್ತು. ಇಷ್ಟಲ್ಲದೆ, ಮೇಸ್ತ್ರಿ ಯಾರನ್ನಾದರೂ ಹೊಡೆಯಬಹುದಿತ್ತು. ಕಾರನ್ನು ಅಂಕೋಲೆಗೆ ಸಾಗಿಸುವ ಹಿಂದಿನ ವಾರವಿಡೀ ಕೂತು ಇವನ್ನೆಲ್ಲ ಒಂದು ರಫ್ ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಬರೆದದ್ದರಲ್ಲಿ ಒಂದೂ ಆಗಲಿಲ್ಲ.

ಮೇಸ್ತ್ರಿ ಬೈತಖೋಲ ಬಂದರಿನಲ್ಲಿ ಫೈಬರ್ ದೋಣಿಗಳನ್ನು ಕಟ್ಟುವವರು, ಒಡೆದವನ್ನು ರಿಪೇರಿ ಮಾಡುವವರು. ಅವರ ಎಡಗೈ ಮೊಣಕೈಯವರೆಗೆ ಯಾವಾಗಲೂ ಬೆಳ್ಳಗಿರುತ್ತಿತ್ತು. ಗಾಜಿನ ನಾರು ಚುಚ್ಚಿ ತುರಿಸಬಾರದೆಂದು ಮೊದಲು ಕೊಬ್ಬರಿ ಎಣ್ಣೆ, ಅದರ ಮೇಲೆ ಮಕ್ಕಳ ಪೌಡರು ಬಳಿದುಕೊಳ್ಳುತ್ತಿದ್ದರು. ಅರವತ್ತರ ಸಮೀಪದ, ಕುತ್ತಿಗೆಯೇ ಇಲ್ಲದಂತೆ ಕಾಣುವ, ಇಡೀ ಬಂದರು ಹೆದರುವ ಆ ಗಂಡಸಿನ ಮೈಯಿಂದ ಹೀಗಾಗಿ ತೊಟ್ಟಿಲ ಮಗುವಿನ ವಾಸನೆ ಬರುತ್ತಿತ್ತು. ಅವರು ಎಡಚರು. ಆ ಕೈಯಲ್ಲಿ ರಾಳ ಹಚ್ಚುವ ಬ್ರಷ್ಷು ಇಲ್ಲದಿದ್ದರೆ ಮೂರು ಕಿಲೋದ ಸುತ್ತಿಗೆ ಇರುತ್ತಿತ್ತು. ಎರಡೂ ಇಲ್ಲದಾಗ ದೂರ ನಿಲ್ಲುವುದು ಒಳ್ಳೆಯದೆಂದು ಬಂದರಿನವರು ನನಗೆ ಮೊದಲೇ ಹೇಳಿದ್ದರು.

ನಾನು ಕಾರವಾರದ ಕಾಲೇಜೊಂದರ ಭೌತಶಾಸ್ತ್ರ ಲ್ಯಾಬಿನಲ್ಲಿ ಸಹಾಯಕ. ಐವತ್ತು ಹತ್ತಿರವಾದಾಗ ಕೆಲವರು ಕುಡಿಯಲು ಕಲಿಯುತ್ತಾರೆ, ಕೆಲವರು ಭಜನೆಗೆ ಕೂರುತ್ತಾರೆ. ನಾನು ಎರಡು ಸೀಟಿನ ಸ್ಪೋರ್ಟ್ಸ್ ಕಾರಿನ ಕಿಟ್ಟು ತರಿಸಿದೆ. ಕಿಟ್ಟೆಂದರೆ ಕಬ್ಬಿಣದ ಕೊಳವೆಗಳ ಚೌಕಟ್ಟು, ಸ್ಟಿಯರಿಂಗು, ಚಕ್ರ ಕೂರಿಸುವ ತೋಳುಗಳು ಮತ್ತು ಒಂದು ನಕ್ಷೆ. ಗುಜರಿಯಿಂದ ತಂದ ಹಳೆಯ ವ್ಯಾನಿನ ಎಂಜಿನ್ನನ್ನು ಹಿಂದುಗಡೆ ಕೂರಿಸಿದೆ. ಅಸ್ಥಿಪಂಜರ ಸಿದ್ಧವಾಯಿತು, ಮೈ ಇರಲಿಲ್ಲ. ಮೂತಿ, ಮಡ್‌ಗಾರ್ಡು, ಬಾಗಿಲು, ಮೇಲಿನ ಮಾಡು, ಎಲ್ಲವನ್ನೂ ನಕ್ಷೆ ನೋಡಿ ಫೈಬರಿನಲ್ಲಿ ಮಾಡಿಸಬೇಕಿತ್ತು. ಗ್ಯಾರೇಜಿನವನೊಬ್ಬ ನಕ್ಷೆ ನೋಡಿ, “ದೋಣಿ ಕಟ್ಟೂರ ಹತ್ರ ಹೋಗಿ” ಎಂದು ಚೇಷ್ಟೆ ಮಾಡಿದ. ಚೇಷ್ಟೆಯನ್ನೂ ಗಂಭೀರವಾಗಿ ತೆಗೆದುಕೊಳ್ಳುವವ ನಾನು. ಹೋದೆ.

ಮೇಸ್ತ್ರಿ ನಕ್ಷೆಯನ್ನು ತಲೆಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು. ದೋಣಿಯನ್ನು ಕವುಚಿ ಹಾಕಿ ನೋಡಿದವರ ಕಣ್ಣದು.

“ಇದು ನೀರಿನ ಮೇಲೆ ಹೋಗೂದಾ?”

“ಅಲ್ಲ, ರಸ್ತೆ ಮೇಲೆ. ಅಂದ್ರೆ, ರಸ್ತೆಗೆ ಪರವಾನಗಿ ಸಿಗೂದಿಲ್ಲ. ಅಂಕೋಲೆಲಿ ನಮ್ಮ ಭಾವನ ಗದ್ದೆ ಅದೆ. ಕೊಯ್ಲು ಮುಗಿದ ಮೇಲೆ ಅಲ್ಲಿ ಓಡಿಸ್ತೆ.”

“ನೀರಿಗೂ ಅಲ್ಲ, ರಸ್ತೆಗೂ ಅಲ್ಲ, ಗದ್ದೆಗೆ.” ನಕ್ಷೆ ಮಡಚಿದರು. “ಎರಡು ಎತ್ತು ತಂದಿದ್ರೆ ಸಾಕಾಗ್ತಿತ್ತಲ್ಲ, ಮಾಸ್ತರ್ರೆ.”

ನಾನು ಮಾಸ್ತರನಲ್ಲ, ಲ್ಯಾಬಿನಲ್ಲಿ ಗಾಜು ತೊಳೆಯುವವ ಎಂದೆ. ಅವರಿಗೆ ಅದರಿಂದ ಏನೂ ವ್ಯತ್ಯಾಸವಾಗಲಿಲ್ಲ. ಕನ್ನಡಕ ಹಾಕಿ ಹೆದರುವವರೆಲ್ಲ ಅವರಿಗೆ ಮಾಸ್ತರ್ರೇ.

ಮೊದಲು ಮೂತಿ ಮಾಡಿದರು. ಅಚ್ಚಿಗೆ ಮೇಣ ತಿಕ್ಕಿ, ಗಾಜಿನ ನಾರಿನ ಹಾಸು ಹಾಸಿ, ರಾಳ ಹಚ್ಚಿ, ಪದರದ ಮೇಲೆ ಪದರ ಕೂರಿಸಿ ಹದಿನೈದು ದಿನ ದುಡಿದರು. ಅಚ್ಚಿನಿಂದ ಬಿಡಿಸಿದಾಗ ನನಗೆ ಕಣ್ಣು ತುಂಬಿತು. “ಏನು ಚಂದ ಆಗ್ಯದೆ” ಎಂದೆ. ಮೇಸ್ತ್ರಿ ಜೇಬಿನಿಂದ ನಾಣ್ಯ ತೆಗೆದು ಅದರ ಮೇಲೆ ಅಂಗುಲ ಅಂಗುಲವಾಗಿ ಕುಟ್ಟುತ್ತ ಹೋದರು. ಟಣ್ ಎಂದರೆ ಪದರಗಳು ಒಂದಕ್ಕೊಂದು ಕಚ್ಚಿವೆ. ಡಬ್ ಎಂದರೆ ನಡುವೆ ಗಾಳಿ ಕೂತಿದೆ. ಟಣ್, ಟಣ್, ಟಣ್. ಬಲ ಮಗ್ಗುಲಲ್ಲಿ ಅಂಗೈಯಗಲದಷ್ಟು ಜಾಗದಲ್ಲಿ ಡಬ್.

“ಮಾಸ್ತರ್ರೆ, ಹಿಂದೆ ಸರೀರಿ. ಹೊಡಿತೆ.”

ಹೇಳಿದಂತೆಯೇ ಹೊಡೆದರು. ನಾಲ್ಕು ಏಟಿಗೆ ಹದಿನೈದು ದಿನ ಚೂರಾಯಿತು. ಒಂದು ಚೂರು ನನ್ನ ಕೆನ್ನೆ ಸೀಳಿತು. ಆ ಗೀರು ಈಗಲೂ ಇದೆ, ಗಡ್ಡ ಬಿಟ್ಟರೆ ಕಾಣುವುದಿಲ್ಲ. ನಾನು ಚೂರುಗಳನ್ನು ಹೆಕ್ಕುತ್ತಿದ್ದಾಗ ಅವರು ಹೇಳಿದ ಮಾತನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ: “ನೀರು ಹೇಳಿ ಬಡಿಯೂದಿಲ್ಲ. ನಾನಾದ್ರೆ ಹೇಳಿ ಬಡಿತೆ.” ಗದ್ದೆಯಲ್ಲಿ ಓಡುವ ಕಾರಿಗೆ ನೀರೆಲ್ಲಿಂದ ಬಂತೆಂದು ಕೇಳಲು ನನಗೆ ಧೈರ್ಯವಿರಲಿಲ್ಲ. ಮೂತಿಯನ್ನು ಮೂರು ಸಲ ಮಾಡಿದರು, ಎರಡು ಸಲ ಒಡೆದರು.

ಹೇಳಿ ಬಡಿಯುವ ಈ ಗುಣವೇ ಅವರಿಗೆ ಮುಳುವಾಯಿತು.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿಯುವ ಸಮಯ. ಆರು ಜನ ಹೋಗುವ ದೋಣಿಯೊಂದನ್ನು ಮಾಲೀಕ ತಂದು ದಡದಲ್ಲಿ ಕವುಚಿದ. ತಳದ ನಡುಬೆನ್ನಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಮೇಸ್ತ್ರಿ ನಾಣ್ಯ ಕುಟ್ಟಿದರು. ಡಬ್ ಎಂಬ ಸದ್ದು ಬಿರುಕು ಮುಗಿದ ಮೇಲೂ ಮಾರುದ್ದ ಹೋಯಿತು.

“ತಳ ಕತ್ತರಿಸಿ ಹೊಸತಾಗಿ ಹಾಕೂಕಾಗ್ತದೆ. ಇಪ್ಪತ್ತು ದಿನ ಬೇಕು” ಎಂದರು.

“ಇಪ್ಪತ್ತು ದಿನದಲ್ಲಿ ಮೀನು ಗೋವಾ ಮುಟ್ತದೆ. ಪುಟ್ಟಿ ಹಚ್ಚಿ ಬಣ್ಣ ಹೊಡಿ. ದೀಪಾವಳಿ ಮೇಲೆ ನೋಡ್ವ.”

“ಪುಟ್ಟಿ ಹಚ್ಚಿದ್ರೆ ಬಂದು ಒಡಿತೆ. ಈಗ್ಲೇ ಹೇಳಿಟ್ಟಿದ್ದೆ.”

ಮಾಲೀಕ ನಕ್ಕ. ಬೇರೆಯವರಿಂದ ಪುಟ್ಟಿ ಹಚ್ಚಿಸಿ, ನೀಲಿ ಬಣ್ಣ ಹೊಡೆಸಿ, ಹೂಮಾಲೆ ಹಾಕಿಸಿದ. ನೀರಿಗಿಳಿಸಬೇಕಿದ್ದ ದಿನ ಬೆಳಿಗ್ಗೆ ಮೇಸ್ತ್ರಿ ಕೊಡಲಿ ಹಿಡಿದು ಹೋದರು. ನಾನು ಹಿಂದೆಯೇ ಹೋದೆ. ಅವರನ್ನು ತಡೆಯಲಲ್ಲ, ಕೊಡಲಿ ನನ್ನದಾಗಿತ್ತು. ಅಲ್ಲಿ ಸೇರಿದ್ದವರು ಏನಾಗುತ್ತಿದೆಯೆಂದು ಅರಿಯುವ ಮೊದಲೇ ಅವರು ದೋಣಿಯ ತಳಕ್ಕೆ ಒಂದೇ ಸಮನೆ ಹೊಡೆದರು. ಬಣ್ಣ ಸಿಡಿಯಿತು, ಮಾಲೆ ಹರಿಯಿತು, ಆಡು ಒಳನುಗ್ಗುವಷ್ಟು ದೊಡ್ಡ ತೂತಾಯಿತು. ಅದು ಪುಟ್ಟಿಯಿಂದ ಮುಚ್ಚುವಂಥದ್ದಲ್ಲ. ಮಾಲೀಕ ಓಡಿ ಬಂದು ಕೊರಳಪಟ್ಟಿ ಹಿಡಿದಾಗ ಮೇಸ್ತ್ರಿ ಹಣೆಯಿಂದ ಅವನ ಮೂಗಿಗೆ ಗುದ್ದಿದರು. ಮೂಳೆ ಮುರಿದದ್ದು ನನಗೂ ಕೇಳಿಸಿತು. ಆಮೇಲೆ ಕೊಡಲಿಯನ್ನು ಲುಂಗಿಯಲ್ಲಿ ಒರೆಸಿ ನನ್ನ ಕೈಗಿತ್ತರು.

ಮೂರನೆಯ ದಿನ ಮಧ್ಯಾಹ್ನ ನಾನು ಶೆಡ್ಡಿನಲ್ಲಿ ಕಾರಿನೊಳಗಿದ್ದೆ. ಸೀಟಿನ ಅಳತೆ ನೋಡಲು ಮೇಸ್ತ್ರಿ ನನ್ನನ್ನು ಒಳಗೆ ಅಂಗಾತ ಮಲಗಿಸಿದ್ದರು. ಕಾರು ಅಷ್ಟು ತಗ್ಗು. ಅದರಲ್ಲಿ ಕೂತವ ಹೊರಗಿನವರಿಗೆ ಕಾಣುತ್ತಿರಲಿಲ್ಲ. ಡ್ಯಾಶ್‌ಬೋರ್ಡು ಇನ್ನೂ ಕೂರಿಸಿರಲಿಲ್ಲವಾದ್ದರಿಂದ, ಹೆಡ್‌ಲೈಟಿಗೆಂದು ಕೊರೆದ ತೂತಿನಿಂದ ನನಗೆ ಮಾತ್ರ ಹೊರಗಿನದು ಕಾಣುತ್ತಿತ್ತು. ಮೂವರು ಒಳಗೆ ಬಂದರು. ಮೂವರೂ ಆ ದೋಣಿಯ ಆಳುಗಳು. ಕಡಲ ನಡುವೆ ತಳ ಬಿರಿದಿದ್ದರೆ ಮುಳುಗಬೇಕಿದ್ದ ಆರು ಜನರಲ್ಲಿ ಇವರು ಮೂವರು.

“ನಮ್ಮ ಹೊಟ್ಟೆ ಮೇಲೆ ಕೊಡ್ಲಿ ಹಾಕ್ದೆ ನೀನು” ಎಂದ ಒಬ್ಬ.

“ಹೌದು. ನಿಮ್ಮ ಹೆಂಡ್ರ ತಾಳಿ ಮೇಲೆ ಹಾಕ್ಲಿಲ್ಲ” ಎಂದರು ಮೇಸ್ತ್ರಿ.

ಮೊದಲ ಏಟು ಹುಟ್ಟುಕೋಲಿನದು, ಬೆನ್ನಿಗೆ. ಎರಡನೆಯದು ಮೊಣಕಾಲ ಹಿಂದೆ. ಅವರು ಬಿದ್ದರೂ ಒಬ್ಬನ ಕಾಲು ಹಿಡಿದೆಳೆದು ಅವನ ಹಲ್ಲಿಗೆ ಗುದ್ದಿದರು. ಉಳಿದಿಬ್ಬರು ಒದೆಯತೊಡಗಿದರು, ಪಕ್ಕೆಗೆ, ಮುಖಕ್ಕೆ. ಆಮೇಲೆ ಎತ್ತಿ ನಿಲ್ಲಿಸಿ, ಬೆಂಚಿನ ಮೇಲೆ ಒಣಗುತ್ತಿದ್ದ ನನ್ನ ಕಾರಿನ ಎಡ ಮಡ್‌ಗಾರ್ಡಿನ ಮೇಲೆ ಅವರ ಎಡಗೈಯನ್ನು ಒತ್ತಿ ಹಿಡಿದರು. ಮೂರನೆಯವ ಬಾಯಿಯ ರಕ್ತ ಉಗುಳಿ, ಅವರದೇ ಸುತ್ತಿಗೆ ಎತ್ತಿಕೊಂಡ.

ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಏನಿತ್ತೆಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಮಡ್‌ಗಾರ್ಡು ಬಿರುಕು ಬಿಟ್ಟೀತೆಂದು ನಾನು ಹೆದರಿದೆ.

ಮಡ್‌ಗಾರ್ಡಿಗೆ ಏನೂ ಆಗಲಿಲ್ಲ. ಮೇಸ್ತ್ರಿಯ ಕೆಲಸ ಅದು. ಕೈ ಎರಡನೆಯ ಏಟಿಗೆ ಮಣಿಕಟ್ಟಿನಲ್ಲಿ ಮುರಿಯಿತು, ಮೂರನೆಯದಕ್ಕೆ ಮೊಣಕೈಯಲ್ಲಿ. ಅವರು ಕೂಗಲಿಲ್ಲ. ಕೂಗಿದ್ದರೆ ನಾನು ಎದ್ದೇಳುತ್ತಿದ್ದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ.

ಆ ಮೂವರು ಹೋಗಿ ಎಷ್ಟು ಹೊತ್ತಾದರೂ ನಾನು ಅಲುಗಲಿಲ್ಲ. ಕಡೆಗೆ ನೆಲದಿಂದ ದನಿ ಬಂತು: “ಮಾಸ್ತರ್ರೆ, ಹೋದ್ರು. ಹೊರಗೆ ಬನ್ನಿ.”

ಆಸ್ಪತ್ರೆಯಲ್ಲಿ ಪೊಲೀಸರು ಮಂಚದ ಪಕ್ಕದಲ್ಲಿಯೇ, ಹೊಡೆದವರನ್ನು ಕಂಡಿರಾ ಎಂದು ನನ್ನನ್ನು ಕೇಳಿದರು. ನಾನೊಬ್ಬ ಹೌದೆಂದಿದ್ದರೆ ಮೂವರೂ ಒಳಗೆ ಹೋಗುತ್ತಿದ್ದರು. ದಿನವೂ ಆ ಬಂದರಿಗೆ ಹೋಗಬೇಕಾದವ ನಾನು. ಕೋರ್ಟು, ವಕೀಲರು, ದಾರಿಯಲ್ಲಿ ಕಾಯುವ ಹುಟ್ಟುಕೋಲು, ಎಲ್ಲ ಒಮ್ಮೆಲೇ ಕಣ್ಣೆದುರು ಬಂದವು.

“ನಾನು ಕಾರಿನೊಳಗಿದ್ದೆ. ಏನೂ ಕಾಣ್ಲಿಲ್ಲ.”

ಪೊಲೀಸಿನವ ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ. ಮಂಚದ ಮೇಲಿಂದ ಮೇಸ್ತ್ರಿ, ಊದಿದ ತುಟಿಯ ಸಂದಿಯಿಂದ ಹೇಳಿದರು: “ಹೌದು ಸಾಯೇಬ್ರೆ. ಅವರಿಗೆ ಕಾಣೂದಿಲ್ಲ. ಹೆಡ್‌ಲೈಟು ಇನ್ನೂ ಹಾಕ್ಲಿಲ್ಲ.”

ಆ ಮಾತಿನಲ್ಲಿದ್ದದ್ದು ಸಿಟ್ಟೋ ಕರುಣೆಯೋ ನನಗೆ ಇವತ್ತಿಗೂ ತಿಳಿದಿಲ್ಲ. ಅವರೂ ಯಾರ ಹೆಸರನ್ನೂ ಹೇಳಲಿಲ್ಲ, ಸಾಕ್ಷಿಯಿಲ್ಲದ ಕೇಸು ಅಲ್ಲಿಗೇ ನಿಂತಿತು. ದೋಣಿಯ ಮಾಲೀಕ ವಿಧಿಯಿಲ್ಲದೆ ತಳ ಕತ್ತರಿಸಿ ಹೊಸತಾಗಿ ಹಾಕಿಸಿದ. ಅದು ಈಗಲೂ ಕಡಲಿಗೆ ಹೋಗುತ್ತದೆ, ಆರೂ ಜನ ಮರಳಿ ಬರುತ್ತಾರೆ. ಅವರಲ್ಲಿ ಒಬ್ಬನೂ ಶೆಡ್ಡಿನತ್ತ ಸುಳಿಯಲಿಲ್ಲ.

ಮೂರು ತಿಂಗಳ ಮೇಲೆ ಮೇಸ್ತ್ರಿ ಹೇಳಿ ಕಳಿಸಿದರು. ಕಾರಿನ ಕೆಲಸ ಅರ್ಧಕ್ಕೆ ನಿಂತಿದೆ, ಬನ್ನಿ ಎಂದು. ನಾನು ನಾಲ್ಕು ದಿನ ಜ್ವರದ ನೆಪ ಹೇಳಿ ಐದನೆಯ ದಿನ ಹೋದೆ. ಬಯ್ಯುತ್ತಾರೆಂದುಕೊಂಡಿದ್ದೆ. ಬೈದರು, ಆದರೆ ಬ್ರಷ್ಷು ಹಿಡಿಯುವ ರೀತಿಗೆ. ಎಡಗೈ ಅರ್ಧ ಮಡಚಿದಂತೆ ನಿಂತುಬಿಟ್ಟಿತ್ತು, ಬೆರಳುಗಳು ಆಡುತ್ತಿದ್ದರೂ ಬಲವಿರಲಿಲ್ಲ. ಅವರು ಹೇಳುವುದು, ನಾನು ಮಾಡುವುದು. ರಾಳಕ್ಕೆ ಅದನ್ನು ಗಟ್ಟಿಯಾಗಿಸುವ ದ್ರವ ನಾನು ಹೆಚ್ಚು ಹಾಕಿದ ದಿನ ಡಬ್ಬಿಯೇ ಹೊಗೆಯಾಡಿತು. ಅವರು ಬಲಗೈಯಿಂದ ಅದನ್ನು ನನ್ನ ಕಿವಿಯ ಪಕ್ಕದಿಂದ ಹೊರಗೆಸೆದರು. ಪ್ರತಿ ಭಾಗವನ್ನೂ ನಾಣ್ಯದಿಂದ ಕುಟ್ಟಬೇಕು, ಡಬ್ ಎಂದದ್ದನ್ನು ನಾನೇ ಒಡೆಯಬೇಕು. ಮೊದಲ ಸಲ ಸುತ್ತಿಗೆಯನ್ನು ಮೆಲ್ಲಗೆ ತಾಗಿಸಿದೆ.

“ಹೆಂಡ್ತಿ ಬೆನ್ನು ತಿಕ್ಕೂದಲ್ಲ ಮಾಸ್ತರ್ರೆ. ಹೊಡೀರಿ.”

“ಒಡೆದು ಹೋಗ್ತದಲ್ಲ.”

“ಒಡಿಲಿ. ಹೆದರಿಕೆಯಿಂದ ಉಳಿಸಿದ್ದು ಯಾವ ಕೆಲಸಕ್ಕೂ ಬರೂದಿಲ್ಲ.”

ನನ್ನ ಮುಖ ನೋಡಿ ಅವರು ಆಚೆ ತಿರುಗಿ ಬೀಡಿ ಹಚ್ಚಿಕೊಂಡರು. ನಾನು ಹೊಡೆದೆ. ಬಲ ಬಾಗಿಲೊಂದನ್ನೇ ನಾಲ್ಕು ಸಲ ಒಡೆದೆ. ನಾಲ್ಕನೆಯ ಸಲ ಸುತ್ತಿಗೆ ಕೆಳಗಿಡಲು ಮನಸ್ಸಾಗದೆ ಚೂರುಗಳನ್ನು ಪುಡಿ ಮಾಡುವವರೆಗೂ ಹೊಡೆಯುತ್ತಲೇ ಇದ್ದೆ. ಅವರು ತಡೆಯಲಿಲ್ಲ.

ಅವರು ತೀರಿಕೊಂಡು ಎರಡು ಮಳೆಗಾಲ ಕಳೆಯಿತು. ಏಟಿನಿಂದಲ್ಲ, ಕಾಮಾಲೆಯಿಂದ. ಇಂಥವರು ಹಾಸಿಗೆಯಲ್ಲಿ ಸಾಯುವುದಿಲ್ಲವೆಂದು ಬಂದರಿನವರು ಅನ್ನುತ್ತಿದ್ದರು. ಅದೂ ಸುಳ್ಳಾಯಿತು. ಹೆಣ ಎತ್ತಲು ಆ ಮೂವರಲ್ಲಿ ಒಬ್ಬ ಬಂದಿದ್ದ. ನಾನು ಅವನ ಜೊತೆಯಲ್ಲೇ ಹೆಗಲು ಕೊಟ್ಟೆ, ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.

ಕಾರು ಗದ್ದೆಗಿಳಿದದ್ದು ಅದಕ್ಕೆ ಒಂದು ವರ್ಷ ಮೊದಲು. ಮೀನಿನ ಟೆಂಪೋದಲ್ಲಿ ಹೇರಿಕೊಂಡು ಸುರಂಗ ದಾಟಿ, ಅರ್ಗಾ ದಾಟಿ ಅಂಕೋಲೆಗೆ ತಂದೆವು. ಬಂದೂಕಿನವರು ನಮ್ಮನ್ನು ನೋಡಿ ಆಕಳಿಸಿದರು. ಕಟ್ಟಿದವ ಮೊದಲ ಓಟದಲ್ಲಿ ಒಳಗಿರಬೇಕೆಂಬುದು ಮೇಸ್ತ್ರಿಯ ಅಪ್ಪನ ಕಾಲದ ನೇಮವಂತೆ. ಎಡಗಡೆಯ ಸೀಟಿನಲ್ಲಿ ಹೊಸ ಅಂಗಿ ತೊಟ್ಟು ಕೂತರು. ಬೆಲ್ಟು ನಾನೇ ಹಾಕಿದೆ. ಎಂಜಿನ್ನು ಮೊದಲ ತಿರುವಿಗೇ ಶುರುವಾಯಿತು. ಕೊಯ್ಲಾದ ಗದ್ದೆಯಲ್ಲಿ ಮೂರು ಸುತ್ತು ಬಂದೆವು. ಬ್ರೇಕು ಹಿಡಿಯಿತು, ಚಕ್ರಗಳು ನಾಲ್ಕೂ ಜೊತೆಗಿದ್ದವು. ಮೂರನೆಯ ಸುತ್ತಿನಲ್ಲಿ ನಾನು ನಕ್ಕೆ ಅಂತ ಕಾಣುತ್ತದೆ.

ನಿಲ್ಲಿಸಿ ಇಳಿದವನೇ ಚಕ್ರದ ನಟ್ಟುಗಳನ್ನು ಮುಟ್ಟಿ ನೋಡಿದೆ, ಬಗ್ಗಿ ಎಣ್ಣೆ ಸೋರಿದೆಯೇ ನೋಡಿದೆ. ಭಾವ ಎಳನೀರು ಕೆತ್ತಿ ಕೊಟ್ಟು, “ಮೇಸ್ತ್ರಿಗೆ ಕಾರು ಬಿಟ್ಟು ಏಳೂಕೆ ಮನಸ್ಸಿಲ್ಲ ಕಾಣ್ತದೆ” ಎಂದ. ನನಗೂ ಹಾಗೇ ಅನಿಸಿ ಹೆಮ್ಮೆಯಾಯಿತು. ಕುಡಿಯುತ್ತ ಆಚೆ ಬದಿಗೆ ಬಂದು ಕಿಟಕಿಯೊಳಗೆ ನೋಡಿದೆ.

ಒಳಗಿನಿಂದ ಬಾಗಿಲು ತೆರೆಯಲು ಹಿತ್ತಾಳೆಯ ಒಂದು ಗುಂಡು ಹಿಡಿಕೆ ಇತ್ತು. ಆ ಕಾರಿನಲ್ಲಿ ಯಾರ ನೆರವೂ ಇಲ್ಲದೆ ನಾನು ಮಾಡಿ ಕೂರಿಸಿದ ಭಾಗ ಅದೊಂದೇ. ಹಿಡಿದು ಮಣಿಕಟ್ಟು ತಿರುವಿದರೆ ಬಾಗಿಲು ತೆರೆಯುತ್ತದೆ. ನೂರು ಸಲ ಪರೀಕ್ಷೆ ಮಾಡಿದ್ದೆ, ನನ್ನ ಕೈಯಿಂದ. ಆ ಇಕ್ಕಟ್ಟಿನಲ್ಲಿ, ಬೆಲ್ಟಿನಡಿಯಲ್ಲಿ, ಅವರ ಬಲಗೈ ಅತ್ತ ಎಟುಕುತ್ತಿರಲಿಲ್ಲ. ಎಡಗೈಯ ಬೆರಳುಗಳು ಗುಂಡಿನ ಮೇಲೆ ಕೂರುತ್ತಿದ್ದವು, ಜಾರುತ್ತಿದ್ದವು, ಮತ್ತೆ ಕೂರುತ್ತಿದ್ದವು. ಎಷ್ಟು ಹೊತ್ತಿನಿಂದಲೋ. ಗಾಜು ತಟ್ಟಿರಲಿಲ್ಲ, ಕರೆದಿರಲಿಲ್ಲ.

ನನ್ನನ್ನು ಕಂಡು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

“ಅವಸರ ಇಲ್ಲ ಮಾಸ್ತರ್ರೆ” ಎಂದರು. “ಎಳನೀರು ಮುಗಿಸಿ.”

ನಾನು ಹೊರಗಿನಿಂದ ಬಾಗಿಲು ತೆಗೆದೆ.